ದೊಡ್ಡ ಬ್ರೇಕ್ ಹಾಕಿಸಿದರೆ ಕಾರು ಅರ್ಧ ದೂರದಲ್ಲೇ ನಿಲ್ಲುತ್ತದೆಯೇ? ಹಳೆಯ ನಿಸಾನ್ ಕೂಪೆಯೊಂದರ ಲೆಕ್ಕ

ಹೇಳಿಕೆ: "ಹಳೆಯ ಕಾರಿಗೆ ನಾಲ್ಕು ಪಿಸ್ಟನ್‌ನ ದೊಡ್ಡ ಬ್ರೇಕ್ ಹಾಕಿಸಿ, ಅರ್ಧ ದೂರದಲ್ಲೇ ನಿಲ್ಲುತ್ತೆ!"

ವಾಸ್ತವ: ಬಹುಮಟ್ಟಿಗೆ ತಪ್ಪು. ಒಮ್ಮೆ ಜೋರಾಗಿ ಬ್ರೇಕ್ ಒತ್ತಿದಾಗ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ ಎನ್ನುವುದನ್ನು ಮುಖ್ಯವಾಗಿ ನಿರ್ಧರಿಸುವುದು ಟೈರ್‌ನ ಹಿಡಿತ. ದೊಡ್ಡ ಬ್ರೇಕ್‌ನಿಂದ ಸಿಗುವ ನಿಜವಾದ ಲಾಭ ಬಿಸಿ ತಡೆಯುವ ಶಕ್ತಿ, ಅಂದರೆ ಹತ್ತನೇ ಸಲ ಒತ್ತಿದಾಗಲೂ ಮೊದಲ ಸಲದಂತೆಯೇ ಕೆಲಸ ಮಾಡುವುದು. ಲೆಕ್ಕ ತಪ್ಪಿ ಜೋಡಿಸಿದರೆ ಕಾರು ನಿಲ್ಲುವ ದೂರ ಹೆಚ್ಚಾಗಲೂಬಹುದು.

ಈ ಪ್ರಶ್ನೆ ನನಗೆ ಬಂದದ್ದು ನಮ್ಮ ಮನೆಯವರ ವಾಟ್ಸಾಪ್ ಗುಂಪಿನಿಂದ. ಅಮೆರಿಕದಲ್ಲಿರುವ ನನ್ನ ದೊಡ್ಡಮ್ಮನ ಮಗ ಈಚೆಗೆ 1990ರ ಒಂದು ನಿಸಾನ್ 240ಎಸ್‌ಎಕ್ಸ್ ಕೊಂಡಿದ್ದಾನೆ. ಕೆಂಪು ಕ್ಯಾಲಿಪರ್, ತೂತು ಕೊರೆದ ಹೊಳೆಯುವ ಡಿಸ್ಕ್, ಜೋರು ಸಂಗೀತ ಇರುವ ಒಂದು ವಿಡಿಯೊ ಕಳಿಸಿ, "ನೀನು ಇಂಥದ್ದನ್ನೆಲ್ಲ ಪರಿಶೀಲಿಸ್ತೀಯಲ್ಲ ತಂಗಿ, ಇದು ನಿಜಾನಾ ನೋಡಿ ಹೇಳು. ನಿಜ ಅಂದ್ರೆ ಈ ವಾರವೇ ಆರ್ಡರ್ ಮಾಡ್ತೀನಿ" ಅಂದ. ಹಣದ ಮಾತು ಹಾಗಿರಲಿ, ಇದು ಬ್ರೇಕ್‌ನ ಮಾತು. ಆದ್ದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ.

ಯಾವುದು ಈ ಕಾರು?

ಜಪಾನಿನಲ್ಲಿ 1988ರಲ್ಲಿ ಬಿಡುಗಡೆಯಾದ ನಿಸಾನ್ ಸಿಲ್ವಿಯಾ ಎಂಬ ಎರಡು ಬಾಗಿಲಿನ ಸ್ಪೋರ್ಟ್ಸ್ ಕೂಪೆಗೆ ಕಂಪನಿಯ ಒಳಗಿನ ಸಂಕೇತ ಎಸ್13. ಆ ಸಾಲಿನ ಜಪಾನಿನ 'ವರ್ಷದ ಕಾರು' ಪ್ರಶಸ್ತಿಯೂ ಇದಕ್ಕೇ ಸಿಕ್ಕಿತು. ಇದೇ ಕುಟುಂಬದ ಕಾರು ಅಮೆರಿಕದಲ್ಲಿ 1989ರ ಮಾದರಿಯಿಂದ 240ಎಸ್‌ಎಕ್ಸ್ ಎಂಬ ಹೆಸರಿನಲ್ಲಿ, 2.4 ಲೀಟರ್ ಎಂಜಿನ್ ಹೊತ್ತು ಮಾರಾಟವಾಯಿತು. ಎಂಜಿನ್ ಮುಂದೆ, ಓಟದ ಶಕ್ತಿ ಹಿಂದಿನ ಚಕ್ರಗಳಿಗೆ, ಹಗುರವಾದ ಮೈ. ಡ್ರಿಫ್ಟಿಂಗ್ ಮಾಡುವವರಿಗೆ ಇದು ಇಂದಿಗೂ ಅಚ್ಚುಮೆಚ್ಚು.

ಈ ಕಾರಿನ ಮುಂದಿನ ಬ್ರೇಕ್ ಸಾಧಾರಣವಾದದ್ದು: ಸುಮಾರು 25 ಸೆಂ.ಮೀ. ಅಗಲದ ಡಿಸ್ಕ್, ಒಂದೇ ಪಿಸ್ಟನ್ ಇರುವ ಜಾರುವ ಕ್ಯಾಲಿಪರ್. ಅದೇ ಕಾಲದಲ್ಲಿ ನಿಸಾನ್ ಇನ್ನೊಂದು ದುಬಾರಿ ಕಾರು ಮಾಡುತ್ತಿತ್ತು, 300ಝಡ್‌ಎಕ್ಸ್. ಅದರ ಟ್ವಿನ್ ಟರ್ಬೊ ಮಾದರಿಯ ತೂಕ ಒಂದೂವರೆ ಟನ್‌ಗೂ ಹೆಚ್ಚು, ಅಮೆರಿಕದಲ್ಲಿ ಅದರ ಶಕ್ತಿ 300 ಅಶ್ವಶಕ್ತಿ. ಆ ತೂಕ ಮತ್ತು ವೇಗಕ್ಕೆ ತಕ್ಕಂತೆ ಮುಂದೆ 28 ಸೆಂ.ಮೀ.ನ ದಪ್ಪ ಡಿಸ್ಕ್, ನಾಲ್ಕು ಪಿಸ್ಟನ್‌ನ ಕ್ಯಾಲಿಪರ್ ಇತ್ತು. ಎರಡೂ ಒಂದೇ ಕಂಪನಿಯ ಕಾರುಗಳು, ದೊಡ್ಡದರ ಕ್ಯಾಲಿಪರ್ ಸಣ್ಣದಕ್ಕೆ ಕೂರುತ್ತದೆ. ಹೀಗಾಗಿ '300ಝಡ್‌ಎಕ್ಸ್ ಬ್ರೇಕ್ ಹಾಕಿಸುವುದು' ದಶಕಗಳಿಂದ ಎಸ್13 ಮಾಲೀಕರ ಮೊದಲ ಕನಸು.

ಈ ಕೆಲಸ ಸಾಧ್ಯವೇ ಎಂದರೆ ಸಾಧ್ಯ. ಸಾವಿರಾರು ಜನ ಮಾಡಿದ್ದಾರೆ. ಇದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎನ್ನುವುದೇ ಇಲ್ಲಿಯ ಪ್ರಶ್ನೆ.

ಕಾರನ್ನು ನಿಲ್ಲಿಸುವುದು ಯಾವುದು?

ಬ್ರೇಕ್ ಚಕ್ರವನ್ನು ತಡೆಯುತ್ತದೆ. ಚಕ್ರ ರಸ್ತೆಯನ್ನು ಹಿಡಿಯುತ್ತದೆ. ಕಾರು ನಿಲ್ಲುವುದು ಈ ಎರಡನೇ ಹಿಡಿತದಿಂದ. ಚಪ್ಪಲಿಗೆ ಹಿಡಿತವಿಲ್ಲದಿದ್ದರೆ ಪಾಚಿಗಟ್ಟಿದ ಅಂಗಳದಲ್ಲಿ ಎಂಥ ಗಟ್ಟಿ ಕಾಲಿನವನೂ ಜಾರುತ್ತಾನಲ್ಲ, ಹಾಗೆ.

ಲೆಕ್ಕ ನೋಡಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಒಣ ರಸ್ತೆ, ಒಳ್ಳೆಯ ಟೈರ್ ಇದ್ದರೆ ಘರ್ಷಣೆಯ ಗುಣಾಂಕ 0.9ರ ಆಸುಪಾಸು ಎಂದಿಟ್ಟುಕೊಳ್ಳೋಣ. ಆಗ ಬ್ರೇಕ್ ಹಿಡಿದ ಕ್ಷಣದಿಂದ ಕಾರು ನಿಲ್ಲಲು ಬೇಕಾದ ದೂರ ಸುಮಾರು 44 ಮೀಟರ್. ಟೈರ್ ಹಳೆಯದಾಗಿ, ಗಟ್ಟಿಯಾಗಿ ಗುಣಾಂಕ 0.7ಕ್ಕೆ ಇಳಿದರೆ ಅದೇ ದೂರ ಸುಮಾರು 56 ಮೀಟರ್. ಅಂದರೆ 12 ಮೀಟರ್ ಹೆಚ್ಚು, ಸುಮಾರು ಮೂರು ಕಾರುಗಳ ಉದ್ದ.

ಈ ಲೆಕ್ಕದಲ್ಲಿ ಡಿಸ್ಕ್‌ನ ಅಳತೆ, ಪಿಸ್ಟನ್‌ಗಳ ಸಂಖ್ಯೆ ಎಲ್ಲಿಯೂ ಬರಲಿಲ್ಲ ಎನ್ನುವುದನ್ನು ಗಮನಿಸಿ. ಕಾರಣ ಸರಳ. ಜೋರಾಗಿ ಪೆಡಲ್ ತುಳಿದಾಗ ನಿಮ್ಮ ಈಗಿನ ಬ್ರೇಕ್ ಚಕ್ರವನ್ನು ಲಾಕ್ ಮಾಡಬಲ್ಲದಾದರೆ, ಅಥವಾ ಎಬಿಎಸ್ ಕೆಲಸ ಶುರು ಮಾಡುವಂತೆ ಮಾಡಬಲ್ಲದಾದರೆ, ಟೈರ್ ಕೊಡಬಹುದಾದ ಹಿಡಿತವನ್ನೆಲ್ಲ ಬಳಸುವಷ್ಟು ಶಕ್ತಿ ಆ ಬ್ರೇಕ್‌ಗೆ ಈಗಾಗಲೇ ಇದೆ ಎಂದರ್ಥ. ಅದಕ್ಕಿಂತ ಬಲವಾದ ಬ್ರೇಕ್ ಹಾಕಿದರೆ ಚಕ್ರ ಇನ್ನೂ ಸುಲಭವಾಗಿ ಲಾಕ್ ಆಗುತ್ತದೆ, ಅಷ್ಟೆ. ಸುಸ್ಥಿತಿಯಲ್ಲಿರುವ 240ಎಸ್‌ಎಕ್ಸ್‌ನ ಮೂಲ ಬ್ರೇಕ್‌ಗೆ ಸಾಧಾರಣ ಟೈರ್ ಲಾಕ್ ಮಾಡುವ ಶಕ್ತಿ ಇದೆ. ಆ ಕಾಲದಲ್ಲಿ ಎಬಿಎಸ್ ಎಲ್ಲ ಕಾರಿಗೂ ಬರುತ್ತಿರಲಿಲ್ಲ. ಎಬಿಎಸ್ ಇಲ್ಲದ ಕಾರಿನ ಮುಂದಿನ ಚಕ್ರ ಲಾಕ್ ಆದರೆ ಸ್ಟೀರಿಂಗ್ ತಿರುಗಿಸಿದರೂ ಕಾರು ತಿರುಗುವುದಿಲ್ಲ, ನೇರ ಜಾರುತ್ತದೆ.

ಹಾಗಾದರೆ ದೊಡ್ಡ ಬ್ರೇಕ್ ಯಾಕೆ ಬೇಕು?

ಬಿಸಿಗಾಗಿ. ಬ್ರೇಕ್ ಎಂದರೆ ಓಟದ ಶಕ್ತಿಯನ್ನು ಶಾಖವಾಗಿ ಬದಲಾಯಿಸುವ ಯಂತ್ರ.

ಚಾಲಕನೂ ಸೇರಿ 1300 ಕಿಲೊ ತೂಗುವ ಕಾರು 100 ಕಿ.ಮೀ. ವೇಗದಲ್ಲಿದ್ದಾಗ ಅದರಲ್ಲಿರುವ ಚಲನಶಕ್ತಿ ಸುಮಾರು 500 ಕಿಲೊಜೂಲ್. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು: 200 ಕಿ.ಮೀ. ವೇಗದಲ್ಲಿ ಸುಮಾರು 2000 ಕಿಲೊಜೂಲ್. ಕಾರು ನಿಂತಾಗ ಇದರ ಬಹುಪಾಲು ಡಿಸ್ಕ್‌ಗಳಲ್ಲಿ ಶಾಖವಾಗಿ ಕೂರುತ್ತದೆ.

ಇದರಲ್ಲಿ ಶೇ. 70 ಭಾಗ, ಅಂದರೆ 350 ಕಿಲೊಜೂಲ್, ಮುಂದಿನ ಎರಡು ಡಿಸ್ಕ್‌ಗಳಿಗೆ ಹೋಗುತ್ತದೆ ಎಂದುಕೊಳ್ಳೋಣ. ಉದಾಹರಣೆಗೆ ಒಂದೊಂದು ಡಿಸ್ಕ್ 5 ಕಿಲೊ ಇದ್ದರೆ 100 ಕಿ.ಮೀ. ವೇಗದಿಂದ ಒಮ್ಮೆ ನಿಂತಾಗ ಬಿಸಿ ಸುಮಾರು 76 ಡಿಗ್ರಿ ಏರುತ್ತದೆ. ಅದೇ ಡಿಸ್ಕ್ 7.5 ಕಿಲೊ ಇದ್ದರೆ ಏರುವುದು ಸುಮಾರು 51 ಡಿಗ್ರಿ. ಒಮ್ಮೆ ನಿಲ್ಲಿಸಿದಾಗ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಆದರೆ ತಣ್ಣಗಾಗಲು ಬಿಡದೆ ಹತ್ತು ಸಲ ಹೀಗೆಯೇ ಮಾಡಿದರೆ ಒಂದು ಕಡೆ ಬಿಸಿ 700 ಡಿಗ್ರಿಯ ಹತ್ತಿರ ಹೋಗಬಹುದು, ಇನ್ನೊಂದು ಕಡೆ 500ರ ಆಸುಪಾಸಿನಲ್ಲಿ ನಿಲ್ಲಬಹುದು. ನಿಜ ಜೀವನದಲ್ಲಿ ನಡುವೆ ಗಾಳಿ ಸ್ವಲ್ಪ ಬಿಸಿ ಒಯ್ಯುತ್ತದೆ, ಹಾಗಾಗಿ ಅಂಕಿ ಕಡಿಮೆಯಾಗುತ್ತದೆ. ದೊಡ್ಡ ಡಿಸ್ಕ್‌ಗೆ ಗಾಳಿ ತಾಗುವ ಜಾಗವೂ ಹೆಚ್ಚು. ಸಣ್ಣ ಬಾಣಲೆಯ ಎಣ್ಣೆ ಬೇಗ ಹೊಗೆಯಾಡುತ್ತದೆ, ದೊಡ್ಡ ಕೊಪ್ಪರಿಗೆಯದ್ದು ನಿಧಾನ. ಅದೇ ತತ್ವ.

ಬಿಸಿ ಮಿತಿ ಮೀರಿದರೆ ಎರಡು ರೀತಿಯಲ್ಲಿ ಬ್ರೇಕ್ ಕೈಕೊಡುತ್ತದೆ.

ಮೊದಲನೆಯದು ಪ್ಯಾಡ್‌ನಿಂದ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಆದರೆ ಎಷ್ಟು ತುಳಿದರೂ ಕಾರು ನಿಧಾನವಾಗುವುದಿಲ್ಲ. ಪ್ಯಾಡ್‌ನ ವಸ್ತು ತನ್ನ ಮಿತಿ ಮೀರಿ ಕಾದು ಘರ್ಷಣೆ ಕಳೆದುಕೊಂಡಿರುತ್ತದೆ.

ಎರಡನೆಯದು ಬ್ರೇಕ್ ಆಯಿಲ್‌ನಿಂದ. ಆಯಿಲ್ ಕುದಿದು ಪೈಪಿನಲ್ಲಿ ಆವಿ ತುಂಬುತ್ತದೆ. ದ್ರವ ಅದುಮಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಹಾಗಾಗಿ ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ ನೆಲ ಮುಟ್ಟುತ್ತದೆ. ಇದು ಹೆಚ್ಚು ಭಯಾನಕ, ಏಕೆಂದರೆ ಪ್ಯಾಡ್‌ಗೆ ಒತ್ತಡವೇ ತಲುಪುವುದಿಲ್ಲ.

ರೇಸ್ ಟ್ರ್ಯಾಕಿನಲ್ಲಿ ಸುತ್ತು ಮೇಲೆ ಸುತ್ತು ಓಡಿಸುವವರಿಗೆ, ಎಂಜಿನ್ ಬದಲಿಸಿ ಶಕ್ತಿ ಹೆಚ್ಚಿಸಿಕೊಂಡವರಿಗೆ, ಉದ್ದದ ಇಳಿಜಾರಿನಲ್ಲಿ ವೇಗವಾಗಿ ಇಳಿಯುವವರಿಗೆ ದೊಡ್ಡ ಬ್ರೇಕ್ ನಿಜವಾಗಿ ಉಪಯೋಗವಾಗುವುದು ಇಲ್ಲಿ. ಇದೇ ಕಾರಣಕ್ಕೆ ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಘಾಟಿ ಇಳಿಯುವಾಗ ಅನುಭವಿ ಚಾಲಕರು ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇರದೆ ಕೆಳಗಿನ ಗೇರ್ ಹಾಕಿ ಎಂಜಿನ್ ಹಿಡಿತದಲ್ಲಿ ಇಳಿಸುತ್ತಾರೆ. ಡಿಸ್ಕ್ ಎಷ್ಟೇ ದೊಡ್ಡದಿದ್ದರೂ ಈ ಅಭ್ಯಾಸ ಬಿಡಬಾರದು.

ನಾಲ್ಕು ಪಿಸ್ಟನ್ ಎಂದರೆ ನಾಲ್ಕು ಪಟ್ಟು ಬಲವೇ?

ಅಲ್ಲ. ಫಾರ್ವರ್ಡ್‌ಗಳಲ್ಲಿ ಹೆಚ್ಚು ಕಾಣುವ ತಪ್ಪು ಇದೇ.

ಒಂದೇ ಪಿಸ್ಟನ್‌ನ ಜಾರುವ ಕ್ಯಾಲಿಪರ್‌ನಲ್ಲಿ ಪಿಸ್ಟನ್ ಒಳಗಿನ ಪ್ಯಾಡನ್ನು ತಳ್ಳುತ್ತದೆ. ಅದರ ಪ್ರತಿಕ್ರಿಯೆಯಾಗಿ ಕ್ಯಾಲಿಪರ್‌ನ ಇಡೀ ದೇಹ ಹಿಂದಕ್ಕೆ ಸರಿದು ಹೊರಗಿನ ಪ್ಯಾಡನ್ನು ಅಷ್ಟೇ ಬಲದಿಂದ ಎಳೆಯುತ್ತದೆ. ನಾಲ್ಕು ಪಿಸ್ಟನ್‌ನದ್ದರಲ್ಲಿ ಕ್ಯಾಲಿಪರ್ ಸರಿಯುವುದಿಲ್ಲ, ಎರಡೂ ಬದಿಯಿಂದ ಎರಡೆರಡು ಪಿಸ್ಟನ್ ತಳ್ಳುತ್ತವೆ. ಆದ್ದರಿಂದ ಹೋಲಿಸುವಾಗ ಒಂದು ಬದಿಯ ಪಿಸ್ಟನ್‌ಗಳ ವಿಸ್ತೀರ್ಣ ಮಾತ್ರ ಎಣಿಸಬೇಕು.

ಉದಾಹರಣೆಗೆ 54 ಮಿ.ಮೀ. ವ್ಯಾಸದ ಒಂದು ಪಿಸ್ಟನ್‌ನ ವಿಸ್ತೀರ್ಣ ಸುಮಾರು 2290 ಚದರ ಮಿ.ಮೀ. ತಲಾ 40 ಮಿ.ಮೀ.ನ ಎರಡು ಪಿಸ್ಟನ್‌ಗಳದ್ದು ಸೇರಿ ಸುಮಾರು 2510. ನಾಲ್ಕು ಪಟ್ಟು ಎಲ್ಲಿ, ಶೇ. 10 ಎಲ್ಲಿ! ಡಿಸ್ಕ್ 25ರಿಂದ 28 ಸೆಂ.ಮೀ.ಗೆ ಏರಿದ್ದರಿಂದ ಸನ್ನೆಗೋಲಿನ ಉದ್ದ ಹೆಚ್ಚಾದಂತೆ ಇನ್ನು ಶೇ. 12ರಷ್ಟು ಲಾಭ. ಎರಡನ್ನೂ ಗುಣಿಸಿದರೆ ಒಟ್ಟು ಸುಮಾರು ಶೇ. 23. ಇದರಿಂದ ಕಾಲಿಗೆ ಶ್ರಮ ಕಡಿಮೆಯಾಗುತ್ತದೆ. ಟೈರ್‌ನ ಹಿಡಿತ ಮಾತ್ರ ಇದ್ದಷ್ಟೇ.

ಹಾಗೆಂದು ನಾಲ್ಕು ಪಿಸ್ಟನ್ ವ್ಯರ್ಥವಲ್ಲ. ಉದ್ದನೆಯ ಪ್ಯಾಡ್ ಹಿಡಿಸುತ್ತದೆ, ಅದರ ಮೇಲೆ ಒತ್ತಡ ಸಮವಾಗಿ ಬೀಳುತ್ತದೆ, ಕ್ಯಾಲಿಪರ್ ಕಡಿಮೆ ಬಾಗುತ್ತದೆ, ಪೆಡಲ್ ಗಟ್ಟಿ ಅನ್ನಿಸುತ್ತದೆ.

ಮಾಸ್ಟರ್ ಸಿಲಿಂಡರ್: ಅರ್ಧ ಕೆಲಸ ಮಾಡಿದವರ ಗೋಳು

ಪೆಡಲ್ ತುಳಿದಾಗ ಆಯಿಲನ್ನು ತಳ್ಳುವ ಭಾಗ ಮಾಸ್ಟರ್ ಸಿಲಿಂಡರ್. ದೊಡ್ಡ ಕ್ಯಾಲಿಪರ್ ಹಾಕಿದರೆ ಅದಕ್ಕೆ ಹೆಚ್ಚು ಆಯಿಲ್ ಬೇಕು, ಹಾಗಾಗಿ ಪೆಡಲ್ ಸ್ವಲ್ಪ ಆಳಕ್ಕೆ ಹೋಗುತ್ತದೆ. ಇದಕ್ಕೆ ಪರಿಹಾರವೆಂದು ಹಲವರು 300ಝಡ್‌ಎಕ್ಸ್‌ನ ದೊಡ್ಡ ಮಾಸ್ಟರ್ ಸಿಲಿಂಡರನ್ನೂ ಹಾಕಿಸುತ್ತಾರೆ.

ಇಲ್ಲಿ ಒಂದು ಕೊಡು-ಕೊಳ್ಳುವ ಲೆಕ್ಕವಿದೆ. 22.2 ಮಿ.ಮೀ., ಅಂದರೆ ಮುಕ್ಕಾಲು ಇಂಚಿಗಿಂತ ಸ್ವಲ್ಪ ದೊಡ್ಡ ಸಿಲಿಂಡರ್ ತೆಗೆದು 25.4 ಮಿ.ಮೀ., ಅಂದರೆ ಸರಿಯಾಗಿ ಒಂದು ಇಂಚಿನದು ಹಾಕಿದರೆ ವಿಸ್ತೀರ್ಣ ಸುಮಾರು ಶೇ. 30 ಹೆಚ್ಚುತ್ತದೆ. ಪೆಡಲ್ ಕಡಿಮೆ ದೂರ ಚಲಿಸುತ್ತದೆ, ಗಟ್ಟಿಯಾಗುತ್ತದೆ. ಆದರೆ ಅದೇ ಬಲದಿಂದ ತುಳಿದರೆ ಹುಟ್ಟುವ ಒತ್ತಡ ಸುಮಾರು ಶೇ. 23 ಕಡಿಮೆ. ಕ್ಯಾಲಿಪರ್‌ನಿಂದ ಗಳಿಸಿದ್ದು ಇಲ್ಲಿ ಕಳೆದುಹೋಯಿತು! ಹಿಂದಿನ ಬ್ರೇಕ್ ಬದಲಿಸದಿದ್ದರೆ ಅದಕ್ಕೆ ಹೋಗುವ ಒತ್ತಡವೂ ಇಳಿಯಿತು. ಪೆಡಲ್ ಕಲ್ಲಿನಂತೆ ಗಟ್ಟಿಯಾದ ಕೂಡಲೇ "ಬ್ರೇಕ್ ಸೂಪರ್ ಆಯ್ತು" ಅನ್ನಿಸುವುದು ಸಹಜ, ಆದರೆ ಗಟ್ಟಿ ಪೆಡಲ್ ಬೇರೆ, ಬೇಗ ನಿಲ್ಲುವುದು ಬೇರೆ. ಆದ್ದರಿಂದ ಮಾಸ್ಟರ್ ಸಿಲಿಂಡರನ್ನು ಕ್ಯಾಲಿಪರ್‌ನ ಲೆಕ್ಕ ನೋಡಿ ಆರಿಸಬೇಕು. ದೊಡ್ಡದಿದ್ದಷ್ಟೂ ಒಳ್ಳೆಯದು ಎಂಬುದು ತಪ್ಪು.

ಮುಂದೆ-ಹಿಂದೆ ಸಮತೋಲನ: ಪ್ರಾಣದ ಪ್ರಶ್ನೆ ಇರುವುದು ಇಲ್ಲಿ

ಬ್ರೇಕ್ ಹಿಡಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ಬಸ್ಸು ಗಕ್ಕನೆ ನಿಂತಾಗ ನಿಂತಿದ್ದವರೆಲ್ಲ ಮುಂದಕ್ಕೆ ಮುಗ್ಗರಿಸುವುದು ನೆನಪಿಸಿಕೊಳ್ಳಿ. ಎಸ್13ರ ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರ 2475 ಮಿ.ಮೀ. ಭಾರದ ಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದೆ ಎಂದುಕೊಂಡರೆ, ಜೋರು ಬ್ರೇಕಿನಲ್ಲಿ ಒಟ್ಟು ತೂಕದ ಸುಮಾರು ಶೇ. 18 ಮುಂದಕ್ಕೆ ಸರಿಯುತ್ತದೆ. ನಿಂತಾಗ ಮುಂದೆ ಶೇ. 55 ಇದ್ದದ್ದು ಆಗ ಶೇ. 73 ಆಗುತ್ತದೆ. ಹಿಂದೆ ಉಳಿಯುವುದು ಶೇ. 27 ಮಾತ್ರ.

ಕಾರು ತಯಾರಿಸಿದವರು ಈ ಲೆಕ್ಕ ನೋಡಿಯೇ ಮುಂದೆ-ಹಿಂದಿನ ಬ್ರೇಕ್‌ಗಳ ಬಲ ಹಂಚಿರುತ್ತಾರೆ. ಹಿಂದಿನ ಚಕ್ರಗಳಿಗೆ ಹೋಗುವ ಒತ್ತಡ ಒಂದು ಮಿತಿಯ ನಂತರ ಕಡಿಮೆಯಾಗುವಂತೆ ಪ್ರಪೋರ್ಷನಿಂಗ್ ವಾಲ್ವ್ ಎಂಬ ಸಣ್ಣ ಭಾಗವನ್ನೂ ಇಟ್ಟಿರುತ್ತಾರೆ. ಒಂದು ಬದಿ ಮಾತ್ರ ಬದಲಿಸಿದರೆ ಈ ಹಂಚಿಕೆ ಕೆಡುತ್ತದೆ.

ಮುಂದಿನದ್ದು ಅತಿಯಾದರೆ ಮುಂದಿನ ಚಕ್ರ ಬೇಗ ಲಾಕ್ ಆಗುತ್ತದೆ, ಹಿಂದಿನ ಟೈರ್‌ಗಳ ಹಿಡಿತ ಬಳಕೆಯಾಗದೆ ಉಳಿಯುತ್ತದೆ. ಕಾರು ನಿಲ್ಲುವ ದೂರ ಹೆಚ್ಚುತ್ತದೆ, ಮಳೆಯಲ್ಲಂತೂ ಇನ್ನೂ ಹೆಚ್ಚು.

ಹಿಂದಿನದ್ದು ಅತಿಯಾದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಕಾರು ಬುಗುರಿಯಂತೆ ತಿರುಗುತ್ತದೆ. ಇದು ಮೊದಲಿನದಕ್ಕಿಂತ ಅಪಾಯಕಾರಿ. ಅದಕ್ಕೇ ಕಾರು ಕಂಪನಿಗಳು ಯಾವಾಗಲೂ ಮುಂದಿನ ಚಕ್ರವೇ ಮೊದಲು ಲಾಕ್ ಆಗುವಂತೆ ನೋಡಿಕೊಳ್ಳುತ್ತವೆ.

ವಾಲ್ವ್ ತೆಗೆದುಹಾಕಿ ಹಿಂದಿನ ಬ್ರೇಕ್‌ಗೆ ಪೂರ್ತಿ ಒತ್ತಡ ಕೊಡಿ ಎಂಬ ಸಲಹೆಗಳೂ ಓಡಾಡುತ್ತವೆ. ಸಾರ್ವಜನಿಕ ರಸ್ತೆಯಲ್ಲಿ ಓಡುವ ಕಾರಿಗೆ ಇದನ್ನು ಮಾಡಲೇಬೇಡಿ.

300ಝಡ್‌ಎಕ್ಸ್ ಬ್ರೇಕ್ ಹಾಕಿಸುವುದೆಂದರೆ ಏನೇನು ಬದಲಾಗಬೇಕು?

"ಎರಡು ಬೋಲ್ಟ್ ಬಿಚ್ಚಿ ಎರಡು ಬೋಲ್ಟ್ ಹಾಕಿದರೆ ಆಯ್ತು" ಎಂದು ವಿಡಿಯೊ ಹೇಳುತ್ತದೆ. ನಿಜವಾದ ಪಟ್ಟಿ ಇಲ್ಲಿದೆ.

ಹಬ್: ಅಮೆರಿಕದ ಎಸ್13ರಲ್ಲಿ ಚಕ್ರಕ್ಕೆ ನಾಲ್ಕು ನಟ್, 300ಝಡ್‌ಎಕ್ಸ್‌ನಲ್ಲಿ ಐದು. ಆದ್ದರಿಂದ ಐದು ನಟ್‌ನ ಹಬ್‌ಗೆ ಬದಲಿಸಬೇಕು, ಇಲ್ಲವೇ ನಾಲ್ಕು ನಟ್‌ಗೆ ಹೊಂದುವ ದೊಡ್ಡ ಡಿಸ್ಕ್ ಹುಡುಕಬೇಕು.

ಚಕ್ರ: 15 ಇಂಚಿನ ಬಹುತೇಕ ಚಕ್ರಗಳ ಒಳಗೆ ಈ ಕ್ಯಾಲಿಪರ್ ಹಿಡಿಸುವುದಿಲ್ಲ. 16 ಇಂಚು ಅಥವಾ ದೊಡ್ಡದು ಬೇಕು. 16 ಇಂಚಿನಲ್ಲೂ ಕಡ್ಡಿಗಳ ಆಕಾರ ನೋಡಿ, ಕೂರಿಸಿ ಪರೀಕ್ಷಿಸಿಯೇ ಕೊಳ್ಳಬೇಕು.

ಹೋಸ್ ಪೈಪ್: ಕ್ಯಾಲಿಪರ್‌ಗೆ ಹೊಂದುವಂಥದ್ದು. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಪೈಪ್ ಎಲ್ಲಿಯೂ ಎಳೆಯುವುದಿಲ್ಲ, ಚಕ್ರಕ್ಕೆ ಉಜ್ಜುವುದಿಲ್ಲ ಎಂದು ನೋಡಬೇಕು.

ಹ್ಯಾಂಡ್ ಬ್ರೇಕ್: ಎಸ್13ರಲ್ಲಿ ಹ್ಯಾಂಡ್ ಬ್ರೇಕ್ ಹಿಂದಿನ ಕ್ಯಾಲಿಪರ್‌ನಲ್ಲೇ ಇದೆ. 300ಝಡ್‌ಎಕ್ಸ್‌ನಲ್ಲಿ ಅದು ಡಿಸ್ಕ್‌ನ ಒಳಗಿನ ಸಣ್ಣ ಡ್ರಮ್‌ನಲ್ಲಿದೆ. ಹಿಂದಿನ ಬ್ರೇಕ್ ಬದಲಿಸುವುದಾದರೆ ಡ್ರಮ್‌ನ ಶೂ, ಕೇಬಲ್ ಎಲ್ಲವೂ ಬದಲಾಗಬೇಕು. ಈ ಕೆಲಸ ಉದಾಸೀನ ಮಾಡಿ ಹ್ಯಾಂಡ್ ಬ್ರೇಕ್ ಇಲ್ಲದೆಯೇ ಓಡಿಸುವವರಿದ್ದಾರೆ. ಅದು ತಪ್ಪು.

ಸೀಲ್‌ಗಳು: ಈ ಕ್ಯಾಲಿಪರ್‌ಗಳೂ ಮೂವತ್ತು ವರ್ಷ ಹಳೆಯವೇ. ಗುಜರಿಯಿಂದ ತಂದದ್ದನ್ನು ಬಣ್ಣ ಬಳಿದು ಹಾಗೇ ಹಾಕಬಾರದು. ಬಿಚ್ಚಿ, ಪಿಸ್ಟನ್‌ಗೆ ತುಕ್ಕು ಅಥವಾ ಗೀರು ಇದೆಯೇ ನೋಡಿ, ಹೊಸ ಸೀಲ್ ಹಾಕಬೇಕು.

ಎಡ-ಬಲ: ಎಡದ ಕ್ಯಾಲಿಪರನ್ನು ಬಲಕ್ಕೆ ಹಾಕಿಬಿಟ್ಟರೆ ಗಾಳಿ ತೆಗೆಯುವ ನಿಪ್ಪಲ್ ಕೆಳಗೆ ಬರುತ್ತದೆ. ಗಾಳಿ ಯಾವಾಗಲೂ ಮೇಲೆ ಸೇರುತ್ತದೆ. ಎಷ್ಟು ಬ್ಲೀಡ್ ಮಾಡಿದರೂ ಪೆಡಲ್ ಮೆತ್ತಗೇ ಇರುತ್ತದೆ. ನಿಪ್ಪಲ್ ಮೇಲ್ಗಡೆಯೇ ಇರಬೇಕು.

ಹಳೆಯ ಕಾರಿಗೆ ಮೊದಲು ಮಾಡಬೇಕಾದದ್ದು

ಮೂವತ್ತು ವರ್ಷ ಹಳೆಯ ಕಾರಿನ ಬ್ರೇಕ್ ಮಂದವಾಗಿದ್ದರೆ ಅದು ಸಣ್ಣದು ಎನ್ನುವುದಕ್ಕಿಂತ ಹಳೆಯದಾಗಿದೆ ಎನ್ನುವುದೇ ಹೆಚ್ಚಿನ ಸಲ ಕಾರಣ. ಆದ್ದರಿಂದ ಈ ಕ್ರಮದಲ್ಲಿ ಹೋಗುವುದು ಒಳ್ಳೆಯದು.

1. ಟೈರ್. ಟೈರ್‌ನ ಬದಿಯಲ್ಲಿ ನಾಲ್ಕು ಅಂಕಿಯ ಸಂಕೇತವಿರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹೂವು ಎಷ್ಟೇ ಉಳಿದಿರಲಿ, ವಯಸ್ಸಾದ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ನಿಮ್ಮ ಮನೆಯ ಕಾರಿನ ಟೈರ್‌ನಲ್ಲೂ ಇದನ್ನು ಇವತ್ತೇ ನೋಡಬಹುದು.

2. ಬ್ರೇಕ್ ಆಯಿಲ್. ಇದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ. ಶೇ. 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ಹಳೆಯ ಆಯಿಲ್ ಬದಲಿಸುವುದು ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಉಪಯೋಗದ ಕೆಲಸ.

3. ಹೋಸ್ ಪೈಪ್. ಹಳೆಯ ರಬ್ಬರ್ ಪೈಪ್ ಒತ್ತಡಕ್ಕೆ ಉಬ್ಬುತ್ತದೆ, ಬಿರುಕು ಬಿಡುತ್ತದೆ. ಒಳಗೇ ಊದಿಕೊಂಡು ಆಯಿಲ್ ಹಿಂತಿರುಗದಂತೆ ತಡೆಯುವುದೂ ಉಂಟು. ಆಗ ಆ ಚಕ್ರದ ಬ್ರೇಕ್ ಬಿಡದೆ ಹಿಡಿದೇ ಇರುತ್ತದೆ.

4. ಕ್ಯಾಲಿಪರ್ ಸರ್ವಿಸ್. ಜಾರುವ ಪಿನ್‌ಗಳು ತುಕ್ಕು ಹಿಡಿದು ಸಿಕ್ಕಿಕೊಂಡರೆ ಒಂದೇ ಪ್ಯಾಡ್ ಕೆಲಸ ಮಾಡುತ್ತದೆ. ಬಿಚ್ಚಿ, ತೊಳೆದು, ಸರಿಯಾದ ಗ್ರೀಸ್ ಹಾಕಬೇಕು.

5. ಒಳ್ಳೆಯ ಪ್ಯಾಡ್, ಹೊಸ ಡಿಸ್ಕ್. ರಸ್ತೆಗೆ ತಕ್ಕ ಉತ್ತಮ ಪ್ಯಾಡ್ ಹಾಕಿ, ಕಂಪನಿ ಹೇಳಿದ ಹಾಗೆ ಹಂತಹಂತವಾಗಿ ಬಿಸಿ ಮಾಡಿ ಹೊಂದಿಸಿಕೊಳ್ಳಬೇಕು.

ಇಷ್ಟು ಮಾಡಿದ ಮೇಲೂ ನಿಮ್ಮ ಬಳಕೆಯಲ್ಲಿ ಬ್ರೇಕ್ ಬಿಸಿಯಾಗಿ ಕೈಕೊಡುತ್ತಿದ್ದರೆ, ಆಗ ದೊಡ್ಡ ಬ್ರೇಕ್ ಕುರಿತು ಯೋಚಿಸಿ.

ಕೆಲಸ ಮಾಡುವಾಗ ಒಂದು ಎಚ್ಚರಿಕೆ: ಹಳೆಯ ಪ್ಯಾಡ್‌ಗಳಲ್ಲಿ ಕಲ್ನಾರು ಇರಬಹುದು. ಅದರ ದೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್‌ಗೆ ಕಾರಣವಾಗಬಹುದು. ಬ್ರೇಕ್ ದೂಳನ್ನು ಬಾಯಿಯಿಂದಲೋ ಏರ್ ಪೈಪಿನಿಂದಲೋ ಊದಬೇಡಿ, ಒದ್ದೆ ಮಾಡಿ ಒರೆಸಿ.

ಜೊತೆಗೆ ಓಡಾಡುವ ಇನ್ನಷ್ಟು ಹೇಳಿಕೆಗಳು

"ತೂತು ಕೊರೆದ ಡಿಸ್ಕ್ ಹೆಚ್ಚು ಹಿಡಿಯುತ್ತೆ." ಹಿಂದಿನ ಕಾಲದ ಪ್ಯಾಡ್‌ಗಳು ಕಾದಾಗ ಅನಿಲ ಬಿಡುತ್ತಿದ್ದವು. ಅದು ಹೊರಹೋಗಲು ತೂತು ನೆರವಾಗುತ್ತಿತ್ತು. ಈಗಿನ ಪ್ಯಾಡ್‌ಗಳಲ್ಲಿ ಈ ಸಮಸ್ಯೆ ಕಡಿಮೆ. ತೂತು ಕೊರೆದಷ್ಟೂ ಬಿಸಿ ಹೀರುವ ಲೋಹ ಕಡಿಮೆಯಾಗುತ್ತದೆ. ಅಗ್ಗದ ಡಿಸ್ಕ್‌ಗಳಲ್ಲಿ ಆ ತೂತಿನಿಂದಲೇ ಬಿರುಕು ಶುರುವಾಗುತ್ತದೆ.

"ಪೆಡಲ್ ನಡುಗಿದರೆ ಡಿಸ್ಕ್ ಬೆಂಡ್ ಆಗಿದೆ." ಹೆಚ್ಚಿನ ಸಲ ಬೆಂಡ್ ಆಗಿರುವುದಿಲ್ಲ. ಪ್ಯಾಡ್‌ನ ವಸ್ತು ಡಿಸ್ಕ್ ಮೇಲೆ ಅಲ್ಲಲ್ಲಿ ಅಸಮವಾಗಿ ಅಂಟಿ ದಪ್ಪ ವ್ಯತ್ಯಾಸವಾಗಿರುತ್ತದೆ. ರೇಸಿಂಗ್ ಎಂಜಿನಿಯರ್ ಕ್ಯಾರೊಲ್ ಸ್ಮಿತ್ ಇದರ ಬಗ್ಗೆಯೇ ಲೇಖನ ಬರೆದಿದ್ದರು.

"ರೇಸ್ ಪ್ಯಾಡ್ ಹಾಕಿದರೆ ಮನೆ ಕಾರೂ ರೇಸ್ ಕಾರಿನಂತೆ ನಿಲ್ಲುತ್ತೆ." ರೇಸ್ ಪ್ಯಾಡ್‌ಗಳು ಚೆನ್ನಾಗಿ ಕಾದ ಮೇಲೆ ಮಾತ್ರ ಸರಿಯಾಗಿ ಹಿಡಿಯುತ್ತವೆ. ಬೆಳಿಗ್ಗೆ ಮನೆಯಿಂದ ಹೊರಟ ಕೂಡಲೇ ಮಗು ಅಡ್ಡ ಬಂದರೆ ಅವು ಸಾಧಾರಣ ಪ್ಯಾಡ್‌ಗಿಂತ ಕಡಿಮೆ ಹಿಡಿಯಬಹುದು.

"ಡಾಟ್ ಸಂಖ್ಯೆ ದೊಡ್ಡದಿದ್ದಷ್ಟೂ ಒಳ್ಳೆಯದು." ಡಾಟ್ 5 ಎಂಬುದು ಸಿಲಿಕೋನ್ ಆಧಾರಿತ. ಅದನ್ನು 3, 4, 5.1ರ ಜೊತೆ ಬೆರೆಸಬಾರದು. 5 ಬೇರೆ, 5.1 ಬೇರೆ.

"ಕೆಂಪು ಕ್ಯಾಲಿಪರ್ ಕವರ್ ಹಾಕಿದರೆ ಬ್ರೇಕ್ ತಂಪಾಗಿರುತ್ತೆ." ನಮ್ಮಲ್ಲೂ ಆನ್‌ಲೈನ್‌ನಲ್ಲಿ ಸಿಗುವ ಪ್ಲಾಸ್ಟಿಕ್ ಕವರ್‌ಗಳು ಬರಿಯ ಅಲಂಕಾರ. ಗಾಳಿ ತಡೆಯುತ್ತವೆ, ಕಳಚಿದರೆ ಚಕ್ರಕ್ಕೆ ಸಿಕ್ಕಿಕೊಳ್ಳುತ್ತವೆ.

ಹಾಕಿಸಿದ ಮೇಲೆ

ಮೊದಲು ನಿಂತ ಕಾರಿನಲ್ಲೇ ಎಂಜಿನ್ ಚಾಲೂ ಮಾಡಿ ಪೆಡಲನ್ನು ಒಂದು ನಿಮಿಷ ಜೋರಾಗಿ ತುಳಿದು ಹಿಡಿಯಿರಿ. ಮೆಲ್ಲಗೆ ಇಳಿಯುತ್ತಾ ಹೋದರೆ ಎಲ್ಲೋ ಸೋರಿಕೆಯಿದೆ. ನಂತರ ಖಾಲಿ ಜಾಗದಲ್ಲಿ ನಿಧಾನ ವೇಗದಲ್ಲಿ ಪರೀಕ್ಷಿಸಿ. ಮುಂದಿನ ಚಕ್ರ ಮೊದಲು ಲಾಕ್ ಆಗುತ್ತದೆಯೋ ಹಿಂದಿನದೋ ಎಂಬುದನ್ನು ಹೊರಗೆ ನಿಂತ ಇನ್ನೊಬ್ಬರು ನೋಡಲಿ. ಹಿಂದಿನದು ಮೊದಲು ಲಾಕ್ ಆದರೆ ಆ ಕಾರನ್ನು ರಸ್ತೆಗಿಳಿಸಬೇಡಿ.

ಹೊರದೇಶಗಳಲ್ಲಿರುವ ಕನ್ನಡಿಗರು ಇನ್ನೊಂದು ವಿಷಯ ಗಮನಿಸಬೇಕು. ಬ್ರಿಟನ್ನಿನಲ್ಲಿ ಇಂಥ ಬದಲಾವಣೆಯನ್ನು ವಿಮಾ ಕಂಪನಿಗೆ ತಿಳಿಸಬೇಕು, ಇಲ್ಲದಿದ್ದರೆ ಪರಿಹಾರದ ಹಣಕ್ಕೆ ತೊಂದರೆಯಾಗಬಹುದು. ಜರ್ಮನಿಯಲ್ಲಿ ಬ್ರೇಕ್‌ನಂಥ ಭಾಗ ಬದಲಿಸಿದರೆ ಅದಕ್ಕೆ ಅನುಮೋದನೆ ಬೇಕು. ಕೆಲಸಕ್ಕೆ ಮೊದಲೇ ನಿಮ್ಮಲ್ಲಿಯ ನಿಯಮ ಕೇಳಿಕೊಳ್ಳಿ. ಬ್ರೇಕ್ ಕೆಲಸದ ಅನುಭವ ಇಲ್ಲದವರು ವಿಡಿಯೊ ನೋಡಿ ತಾವೇ ಮಾಡದೆ, ಬಲ್ಲ ಮೆಕ್ಯಾನಿಕ್ ಕೈಲಿ ಮಾಡಿಸಿ.

ಕೊನೆಗೆ

ಅಣ್ಣನಿಗೆ ಇಷ್ಟನ್ನೂ ಬರೆದು ಕಳಿಸಿ, "ಮೊದಲು ಟೈರ್‌ನ ಮೇಲಿನ ನಾಲ್ಕು ಅಂಕಿ ಓದು" ಅಂದೆ. ಹತ್ತು ನಿಮಿಷದಲ್ಲಿ ಫೋಟೊ ಬಂತು: 3512. ಹನ್ನೆರಡು ವರ್ಷಕ್ಕೂ ಹಳೆಯ ಟೈರ್, ಹೂವು ಮಾತ್ರ ಹೊಸದರಂತಿತ್ತು. ಅದರ ಹಿಂದೆಯೇ ಇನ್ನೊಂದು ಫೋಟೊ, ಬಿರುಕು ಬಿಟ್ಟ ಮುಂದಿನ ಹೋಸ್ ಪೈಪಿನದು. ಆ ಕಾರಿನಲ್ಲಿ ಅವನು ಹಿಂದಿನ ಭಾನುವಾರವಷ್ಟೇ ಮಗಳನ್ನು ಕೂರಿಸಿಕೊಂಡು ಹೈವೇಯಲ್ಲಿ ಹೋಗಿಬಂದಿದ್ದ. ಕ್ಯಾಲಿಪರ್‌ನ ಆರ್ಡರ್ ಸದ್ಯಕ್ಕೆ ನಿಂತಿದೆ. ಟೈರ್, ಪೈಪ್, ಆಯಿಲ್, ಪ್ಯಾಡ್ ಬದಲಾಗಿವೆ. "ಇದೇ ಕಾರಾ ಅನ್ನೋ ಹಾಗೆ ನಿಲ್ತಿದೆ" ಅಂತ ಸಂದೇಶ ಹಾಕಿದ್ದಾನೆ. ಮುಂದೆ ಟ್ರ್ಯಾಕಿಗೆ ಹೋಗುವ ಆಸೆಯಿದೆಯಂತೆ, ಆಗ ದೊಡ್ಡ ಬ್ರೇಕ್‌ನ ಲೆಕ್ಕ ಮತ್ತೆ ಹಾಕೋಣ.

ತೀರ್ಪು: 'ದೊಡ್ಡ ಬ್ರೇಕ್ ಹಾಕಿದರೆ ಅರ್ಧ ದೂರದಲ್ಲಿ ನಿಲ್ಲುತ್ತದೆ' ಎಂಬುದು ತಪ್ಪು ಮಾಹಿತಿ. 'ದೊಡ್ಡ ಬ್ರೇಕ್ ಮತ್ತೆ ಮತ್ತೆ ಜೋರಾಗಿ ಬಳಸಿದರೂ ಬೇಗ ಸೋಲುವುದಿಲ್ಲ' ಎಂಬುದು ಸರಿ. ಆ ವಿಡಿಯೊ ನಿಮಗೂ ಬಂದಿದ್ದರೆ ಮುಂದೆ ಕಳಿಸುವ ಮುನ್ನ ಕಳಿಸಿದವರನ್ನು ಒಂದು ಮಾತು ಕೇಳಿ: "ನಿಮ್ಮ ಟೈರ್ ಯಾವ ವರ್ಷದ್ದು?"